ಖಾಲಿ ಬಿಡಬೇಡ

ಕ್ಯಾಂಪ್‌ಬೆಲ್
ನವೆಂಬರ್ ೧೯೯೯

ಪ್ರಿಯ ಪದ್ಮಜಾ,

ಅಂಟಾರ್ಕ್ಟಿಕಾದಿಂದ ನೀನು ಕಳಿಸಿದ, ದಿನದಿನ ಕಂಡ ಪ್ರಾಣಿಗಳನ್ನು ಗುರುತು ಹಾಕಿದ ಹಾಳೆಗಳು ತಲುಪಿದವು. ಆಫೀಸು ಮುಗಿಸಿ, ಅನಘಾಳನ್ನು ಡೇಕೇರಿನಿಂದ ಕರೆತಂದು, ಅಡುಗೆಗಿಟ್ಟು ಅವನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದೇನೆ. ಪೆಂಗ್ವಿನ್, ಸೀಲ್ ಕಂಡ ದಿನಗಳನ್ನಷ್ಟೇ ಹಾಕಿ ಉಳಿದದ್ದನ್ನು ಬಿಟ್ಟುಬಿಡೋಣ ಎನಿಸಿತು, ಅಷ್ಟು ಸುಸ್ತು. ಆದರೆ ಹೊರಡುವಾಗ ನೀನು ಹೇಳಿದ್ದು ನೆನಪಾಯಿತು: "ವರ್ಷಾನುಗಟ್ಟಲೆ ನಡೆದಿರೋ ದಾಖಲೆ ಇದು. ಏನೂ ಕಾಣ್ಲಿಲ್ಲ ಅನ್ನೋದೇ ಬೇರೆ, ನೋಡೋಕೇ ಹೋಗ್ಲಿಲ್ಲ ಅನ್ನೋದೇ ಬೇರೆ. ಖಾಲಿ ಬಿಟ್ರೆ ಎರಡೂ ಒಂದೇ ಥರ ಕಾಣತ್ತೆ." ಎಲ್ಲ ದಿನಗಳನ್ನೂ ಸೇರಿಸಿದ್ದೇನೆ.

ಈ ಭಾನುವಾರವೂ ನಿನ್ನ ಫೋನು ಬರಲಿಲ್ಲ. ಹಿಂದಿನ ವಾರವೂ ಇಲ್ಲ. ಫೋನ್ ಲೈನು ಬಿಡುವಿರಲಿ ಎಂದು ನಾನು ಅದೇ ಲೈನಿನ ಇಂಟರ್‌ನೆಟ್ಟಿಗೆ ಹೋಗಿರಲಿಲ್ಲ. ಅಮ್ಮ ಇರುವಲ್ಲಿ ಚಳಿ ಎಂದು ಅನಘಾ ಸ್ವೆಟರ್ ಹಾಕಿಕೊಂಡು ಫೋನಿನ ಪಕ್ಕ ಕೂತಿದ್ದಳು. ಕೊನೆಗೆ "ಶೀ ಫರ್‌ಗಾಟ್" ಎಂದಳು.

"ಇಲ್ಲ ಪುಟ್ಟಾ, ಲೈನ್ ಸಿಕ್ಕಿರಲ್ಲ" ಎಂದೆ. ನಿಜ ಏನೆಂದು ನನಗೆ ಗೊತ್ತಿಲ್ಲದೆಯೇ ಹೇಳಿದ ಮಾತು ಅದು.

ಮುಂದಿನ ಹಾಳೆಗಳ ಜೊತೆ ಆ ಎರಡು ಭಾನುವಾರಗಳ ಬಗ್ಗೆಯೂ ಒಂದೊಂದು ಸಾಲು ಬರೆದು ಕಳಿಸು. ಲೈನ್ ಸಿಗಲಿಲ್ಲವೋ, ನೀನು ಪ್ರಯತ್ನಿಸಲೇ ಇಲ್ಲವೋ. ಯಾವುದಾದರೂ ಸರಿ, ಖಾಲಿ ಬಿಡಬೇಡ.

ನಿನ್ನ
ಗುರುಪ್ರಸಾದ