ಒಬ್ಬಳೇ ಕೂತು ಉಣ್ಣುವ ಜಾಗ

ಏಪ್ರಿಲ್ 12, ಶನಿವಾರ

ಒಹಾಯೋದ ಆ ಸಣ್ಣ ಕಾಲೇಜು ನೋಡಿಕೊಂಡು ಬರುವಾಗ ಕಾರಿನಲ್ಲಿ ಅಪ್ಪ-ಮಗಳಿಗೆ ಮತ್ತೆ ಅದೇ ಜಗಳ. ತಾನು ಓದಿದ ದೊಡ್ಡ ಕಾಲೇಜಿಗೇ ಟೆಸ್ಸಾ ಸೇರಬೇಕೆಂದು ನನ್ನ ಗಂಡ ಕರ್ಟ್‌ನ ಹಟ.

"ನಮ್ಮ ಸ್ಟೇಡಿಯಂ ನೋಡಿದ್ಮೇಲೂ ಈ ಪುಟಗೋಸಿ ಕಾಲೇಜು ಬೇಕೇನೇ?"

"ಅಪ್ಪಾ, ಇಲ್ಲಿ ಕ್ಯಾಂಟೀನಲ್ಲಿ ಒಂದು ಹುಡುಗಿ ಒಬ್ಬಳೇ ಕೂತು ತಿಂತಿದ್ಳು. ಯಾರೂ ಅಯ್ಯೋ ಪಾಪ ಅಂತ ನೋಡ್ಲಿಲ್ಲ. ನಂಗಷ್ಟು ಸಾಕು."

ಕರ್ಟ್ ನಕ್ಕುಬಿಟ್ಟ. "ನಿಮ್ಮಮ್ಮನ್ನ ಕೇಳು. ಅವಳ ಕಾಲೇಜಲ್ಲಿ ದಿನಾ ಹಬ್ಬ!"

ನಾನು ಕಿಟಕಿಯ ಕಡೆ ತಿರುಗಿದೆ. ಹಬ್ಬದ ಕಥೆಗಳನ್ನಷ್ಟೇ ಹೇಳಿ ಇವಳನ್ನು ಬೆಳೆಸಿದೆ. ಮೊದಲ ವರ್ಷವಿಡೀ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಅವಿತು ಕೂತು ಉಂಡದ್ದನ್ನು ಯಾರಿಗೂ ಹೇಳಿಲ್ಲ. ಅದು ಇವಳಿಗೆ ಹೇಗೆ ಗೊತ್ತಾಯಿತು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಈಗ ಹೊಳೆಯಿತು. ಇವಳಿಗೆ ನನ್ನದೇನೂ ಗೊತ್ತಿಲ್ಲ. ಇವಳು ಈಗ ಸ್ಕೂಲಿನಲ್ಲಿ ಎಲ್ಲಿ ಕೂತು ಉಣ್ಣುತ್ತಾಳೆಂದು ನಾನು ಒಮ್ಮೆಯೂ ಕೇಳಿಲ್ಲ.