ನೀಲಿ ಚುಕ್ಕೆಯ ಪೀಸುಗಳು

ಜನವರಿ 6, ಸೋಮವಾರ. ಬೆಳಿಗ್ಗೆ 6.50
ವಿದ್ಯಾನಗರದ ಸ್ಟಾಪ್. ಕಂಪನಿ ಬಸ್ ಇನ್ನೂ ಬಂದಿಲ್ಲ. ಮಾಸ್ಕ್, ಟೋಪಿ, ಅದರ ಮೇಲೆ ದುಪಟ್ಟಾ. ಶುಕ್ರವಾರ ಐದನೇ ಕೀಮೋ ಆಯಿತು. ಇನ್ನು ಏಳು. ಪ್ರತಿ ಶುಕ್ರವಾರ ಆಸ್ಪತ್ರೆ, ಶನಿವಾರ-ಭಾನುವಾರ ಹಾಸಿಗೆ, ಸೋಮವಾರದಿಂದ ಗುರುವಾರ ಭದ್ರಾವತಿಯ ಎರಕದ ಫೌಂಡ್ರಿ. ಕೆಲಸ ಬಿಡಿ ಎಂದು ಡಾಕ್ಟರ್ ಹೇಳಿಲ್ಲ. ಮಾಡಿ ಎಂದೂ ಹೇಳಿಲ್ಲ. ‘ನಿಮಗೆ ಆದಷ್ಟು’ ಎಂದರು. ಆದಷ್ಟು ಎಂದರೆ ಎಷ್ಟು, ಅದನ್ನು ಅಳೆಯುವವರು ಯಾರು?

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಈಗ ಯಾವಾಗಲೂ ಖಾಲಿ. ನನಗೆ ಸೋಂಕು ತಗಲದಿರಲಿ ಎಂದೋ, ನನ್ನಿಂದ ಅವರಿಗೆ ಏನಾದರೂ ತಗಲೀತು ಎಂದೋ… ಕೇಳಿಲ್ಲ.

ಸಂಜೆ 5.30
ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ರಿಜೆಕ್ಷನ್ ಗುಡ್ಡೆಯಲ್ಲಿ ಒಂದು ಹೌಸಿಂಗ್, ಬೇರಿಂಗ್ ಕೂರುವ ಎರಕದ ಗೂಡು, ಬಿದ್ದಿತ್ತು. ಅದರ ಮೇಲೆ ನೀಲಿ ಚುಕ್ಕೆ.

ನೀಲಿ ನನ್ನದು. ಫೌಂಡ್ರಿಯಲ್ಲಿ ಒಬ್ಬೊಬ್ಬ ಇನ್‌ಸ್ಪೆಕ್ಟರಿಗೆ ಒಂದೊಂದು ಬಣ್ಣ. ನಾನು ಪಾಸ್ ಮಾಡಿದ ಪೀಸಿಗೆ ನೀಲಿ ಇಡುತ್ತೇನೆ. ನೀಲಿ ಇಟ್ಟದ್ದು ಲಾರಿ ಹತ್ತಬೇಕು, ಕರಗಿಸುವ ಗುಡ್ಡೆಗೆ ಬೀಳುವ ಹಾಗಿಲ್ಲ. ಹದಿನೆಂಟು ವರ್ಷದಲ್ಲಿ ಬಿದ್ದಿಲ್ಲ. ಯಾರೋ ಎಸೆದಿದ್ದಾರೆ. ಕೈತಪ್ಪಿ ಇರಬಹುದು. ಇರಬಹುದು.

ಜನವರಿ 8, ಬುಧವಾರ
ಮತ್ತೆ ಎರಡು, ನೀಲಿಯವು. ತಳದಲ್ಲಿ ಸೇರಿಸಿ, ಮೇಲೆ ಬೇರೆ ಪೀಸ್ ಮುಚ್ಚಿದ್ದಾರೆ. ಕೈತಪ್ಪಿದವರು ಮುಚ್ಚುವುದಿಲ್ಲ.

ಮನೆಯಲ್ಲೂ ಒಂದು. ಅತ್ತೆ ನನ್ನ ಸ್ಟೀಲ್ ಲೋಟ ಎತ್ತಿಟ್ಟು ಹಿಡಿ ಇರುವ ದಪ್ಪ ಪಿಂಗಾಣಿ ಕಪ್ ಕೊಟ್ಟಿದ್ದಾರೆ. ಉಳಿದವರಿಗೆಲ್ಲ ಲೋಟವೇ. ನನ್ನ ಪಾತ್ರೆ ಬೇರೆಯಾಯಿತು ಎಂದುಕೊಂಡೆ. ಕೇಳಲಿಲ್ಲ. ಓದಿದವಳು ನಾನು, ಇದು ಅಂಟುವ ಕಾಯಿಲೆ ಅಲ್ಲ ಎಂದು ಪಾಠ ಮಾಡಬಹುದಿತ್ತು. ಚಹಾ ಕುಡಿದು ಕಪ್ ನಾನೇ ತೊಳೆದಿಟ್ಟೆ.

ಜನವರಿ 9, ಗುರುವಾರ
ಊಟದ ಬಿಡುವಿನಲ್ಲಿ ಬೇಗ ವಾಪಸ್ ಬಂದೆ. ಬೇಕೆಂದೇ. ನನ್ನ ಪ್ಯಾಲೆಟ್ ಮುಂದೆ ಉಜ್ಜನಪ್ಪ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಟಾರ್ಚ್. ಪೀಸಿನ ಒರಟು ಅಂಚು ಉಜ್ಜಿ ನಯ ಮಾಡುವ ಫೆಟ್ಲಿಂಗ್ ಶಾಪಿಗೆ ಅವರೇ ಹಿರಿಯರು. ಅವರು ಕಳಿಸಿದ್ದು ನನ್ನ ಟೇಬಲಿಗೆ ಬರುತ್ತದೆ. ನನ್ನ ಟೇಬಲ್ ದಾಟಿದ್ದರ ಹತ್ತಿರ ಅವರಿಗೇನು ಕೆಲಸ?

“ಏನು ಹುಡುಕ್ತಿದ್ದೀರಿ ಉಜ್ಜನಪ್ಪನೋರೇ?”
“ಕನ್ನಡಕ ಮೇಡಂ. ಎಲ್ಲೋ ಬಿತ್ತು.”
ಕನ್ನಡಕ ಮೂಗಿನ ಮೇಲೇ ಇತ್ತು.

ಜನವರಿ 10, ಶುಕ್ರವಾರ. ಆಸ್ಪತ್ರೆ
ಡ್ರಿಪ್ ಎಡಗೈಗೆ, ಬರೆಯುವುದು ಬಲಗೈಲಿ. ಅಕ್ಷರ ವಾಲುತ್ತಿದೆ. ಅನುಮಾನ ಪಡುವುದು ಸೈಡ್ ಎಫೆಕ್ಟ್ ಪಟ್ಟಿಯಲ್ಲಿ ಇದೆಯಾ ಎಂದು ಡಾಕ್ಟರನ್ನು ಕೇಳಿದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಕೈಕಾಲು ಜೋಮು ಹಿಡಿಯುತ್ತಾ ಎಂದರು. ಸ್ವಲ್ಪ, ಸಂಜೆ ಹೊತ್ತು ಎಂದೆ. ಬರೆದುಕೊಂಡರು.

ಜಮ್ಶೀದ್ ಹೊರಗೆ ಹೋಗಿ ಫೋನಿನಲ್ಲಿ ಯಾರ ಹತ್ತಿರವೋ ಪಿಸುಗುಟ್ಟುತ್ತಿದ್ದಾನೆ. ನನ್ನ ಗಂಡನಿಗೆ ಪಿಸುಗುಟ್ಟಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವನು, ಕೂಗಿಯೇ ಅಭ್ಯಾಸ.

ಜನವರಿ 15, ಬುಧವಾರ
ಹಬ್ಬ ನಿನ್ನೆ ಮುಗಿಯಿತು. ಉಜ್ಜನಪ್ಪ ಇಡೀ ಶಾಪಿಗೆ ಎಳ್ಳು-ಬೆಲ್ಲ ತಂದಿದ್ದರು. ನನಗೆ ಮಾತ್ರ ಬೇರೆ ಪೊಟ್ಟಣ, ಬಿಗಿಯಾಗಿ ಅಂಟಿಸಿದ್ದು.

“ಬೇರೆಯವ್ರ ಕೈ ತಾಗಿಲ್ಲ ಮೇಡಂ, ತಿನ್ನಿ. ಒಳ್ಳೇ ಮಾತಾಡಿ.”
“ನಾನು ಯಾವತ್ತು ಕೆಟ್ಟದ್ದು ಆಡಿದೀನಿ?”
“ಅಯ್ಯೋ, ಹದಿನೆಂಟು ವರ್ಷದಿಂದ ನನ್ನ ಪೀಸಿಗೆ ನೀವು ಆಡಿದ್ದನ್ನ ಬರ್ಕೊಂಡಿದ್ರೆ ಒಂದು ಪುಸ್ತಕ ಆಗ್ತಿತ್ತು ಮಾರಾಯ್ತಿ!”

ಎಲ್ಲರೂ ನಕ್ಕರು. ನಾನೂ. ಪೊಟ್ಟಣ ಒಡೆಯಲಿಲ್ಲ. ಮಧ್ಯಾಹ್ನ ನೋಡಿದರೆ ಗುಡ್ಡೆಯಲ್ಲಿ ನಾಲ್ಕು ನೀಲಿ.

ಲೆಕ್ಕ ಸರಳ ಎನಿಸಿತು. ನನ್ನ ಒಳ್ಳೆಯ ಪೀಸ್ ಗುಡ್ಡೆಗೆ ಸೇರಿಸಿ, ‘ನೋಡಿ, ಮೇಡಂ ಪಾಸ್ ಮಾಡಿದ್ದು ಎಂಥದ್ದು’ ಎಂದು ತೋರಿಸಲು ಯಾರೋ ಕೂಡಿಡುತ್ತಿದ್ದಾರೆ. ಹುಷಾರಿಲ್ಲದವಳನ್ನು ಹೊರಗೆ ಹಾಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮ್ಯಾನೇಜರ್ ಜ್ಞಾನೇಶ್ ಹತ್ತಿರ ಹೋಗಿ ಹೇಳಿದೆ. ಹೆಸರು ಹೇಳಿದೆ.

ಜ್ಞಾನೇಶ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಯೂನಿಯನ್ ಲೀಡರ್ ಅಲ್ವಾ, ನಂಗೊತ್ತಿತ್ತು” ಎಂದರು. ಸಂಜೆಯೊಳಗೆ ಉಜ್ಜನಪ್ಪ ಅಚ್ಚಿನ ಮರಳು ಕಲಸುವ ಸೆಕ್ಷನ್‌ಗೆ. ಎನ್‌ಕ್ವೈರಿ ಆಗುವವರೆಗೆ ಅಲ್ಲೇ. ಅಷ್ಟು ಬೇಗ ಆಗುತ್ತದೆ ಎಂದುಕೊಂಡಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಜನವರಿ 23, ಗುರುವಾರ
ಒಂದು ವಾರ ಗುಡ್ಡೆಯಲ್ಲಿ ಒಂದೂ ನೀಲಿ ಇಲ್ಲ. ನಿದ್ದೆ ಬಂತು. ಇವತ್ತು ಗಿರಾಕಿ ಕಂಪನಿಯಿಂದ ಮೇಲ್. ಹನ್ನೊಂದು ಪೀಸಿನಲ್ಲಿ ಬ್ಲೋ ಹೋಲ್, ಎರಕದಲ್ಲಿ ಗಾಳಿ ಸಿಕ್ಕಿ ಆದ ತೂತು, ಒಳಗಿನ ತೋಡಿನ ಅಂಚಿನಲ್ಲಿ. ಹನ್ನೊಂದಕ್ಕೂ ನೀಲಿ ಚುಕ್ಕೆ. ಫೋಟೋ ಕಳಿಸಿದ್ದಾರೆ.

ಆ ತೋಡಿಗೆ ಕಣ್ಣು ಹೋಗುವುದಿಲ್ಲ. ಅಲ್ಲಿ ಬೆರಳು ಆಡಿಸಿಯೇ ನೋಡಬೇಕು. ಸಾಸಿವೆಯಷ್ಟು ತೂತಿದ್ದರೂ ಬೆರಳಿಗೆ ಸಿಗುತ್ತದೆ. ಅದೇ ನನ್ನ ಕೆಲಸ. ಗ್ಲೋವ್ಸ್ ಕೂಡ ತೆಗೆದೇ ಮಾಡುತ್ತೇನೆ.

“ಹೋಗೋ ಮುಂಚೆ ಅವನೇ ಪೀಸ್ ಬದಲಾಯಿಸಿದಾನೆ ಮೇಡಂ,” ಎಂದರು ಜ್ಞಾನೇಶ್. “ಇನ್ನು ಟ್ರಾನ್ಸ್‌ಫರ್ ಅಲ್ಲ, ಡಿಸ್‌ಮಿಸ್ಸೇ. ಬುಧವಾರ ಎನ್‌ಕ್ವೈರಿ. ನೀವೇ ಸಾಕ್ಷಿ.”

ಲಾಟ್ ನಂಬರ್ ನಾನು ನೋಡಿದೆ. ಹದಿನಾರನೇ ತಾರೀಖಿನದು. ಉಜ್ಜನಪ್ಪ ಹದಿನೈದಕ್ಕೇ ಮರಳಿಗೆ ಹೋಗಿದ್ದರು. ಜ್ಞಾನೇಶ್ ಅದನ್ನು ಗಮನಿಸಿಲ್ಲ. ನಾನು ಹೇಳಲಿಲ್ಲ. ಹಾಗಾದರೆ ಬದಲಾಯಿಸಿದ್ದು ಯಾರು? ಜ್ಞಾನೇಶೇ ಇರಬಹುದಾ? ಇಬ್ಬರನ್ನೂ ಒಟ್ಟಿಗೆ ಕಳಿಸಲು?

ಜನವರಿ 25, ಶನಿವಾರ. ಮಧ್ಯಾಹ್ನ
ನಿಧಾನ ಬರೆಯಬೇಕು.

ಬೆಳಿಗ್ಗೆ ಅತ್ತೆ ಹೊರಗಿದ್ದರು. ಬೇಕೆಂದೇ ಸ್ಟೀಲ್ ಲೋಟಕ್ಕೆ ಚಹಾ ಬಗ್ಗಿಸಿಕೊಂಡು ಕೂತೆ. ಅವರು ಒಳಗೆ ಬಂದವರೇ ಲೋಟ ಕಿತ್ತುಕೊಂಡರು. ನನಗೂ ಸಿಟ್ಟು ಬಂತು.

“ಅಮ್ಮೀ, ನಾನು ಮುಟ್ಟಿದ ಲೋಟ ನಿಮಗೆ ಬೇಡವಾ?”
“ಹುಚ್ಚಿ! ಕೈ ನೋಡ್ಕೋ ಬೇಟಿ. ಈ ತಿಂಗಳಲ್ಲಿ ಮೂರು ಸಲ ಸುಟ್ಕೊಂಡಿದೀಯ. ಒಂದು ಸಲಾನೂ ಹಾ ಅನ್ನಲಿಲ್ಲ ನೀನು.”

ಬೆರಳು ಕೆಂಪಾಗಿತ್ತು. ತುದಿಯಲ್ಲಿ ಹಳೆಯ ಬೊಬ್ಬೆ, ಒಣಗಿದ್ದು. ಮಸಿ ಎಂದುಕೊಂಡಿದ್ದೆ.

ಅಡಿಗೆಮನೆ ಬಾಗಿಲಿಗೆ ಒತ್ತು ಕೊಟ್ಟಿರುವುದು ನಾನು ಕೆಲಸಕ್ಕೆ ಸೇರಿದ ವರ್ಷ ರಿಜೆಕ್ಟ್ ಮಾಡಿದ ಹೌಸಿಂಗ್. ಒಳಗೆ ಎಲ್ಲೋ ತೂತಿದೆ, ಗೊತ್ತು. ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಹುಡುಕಿದೆ. ಒಂದು ಸುತ್ತು. ಎರಡು. ಐದು. ಎಲ್ಲ ಕಡೆ ನಯ, ಸೋಪಿನ ಹಾಗೆ. ಜಮ್ಶೀದ್ ಪಕ್ಕದಲ್ಲಿ ಕೂತು ತೋರುಬೆರಳು ಹಾಕಿದ. “ಇಲ್ಲೇ ಇದೆಯಲ್ಲ.” ಮೊದಲ ಸಲಕ್ಕೇ.

ಆಮೇಲೆ ಅವನೇ ಹೇಳಿದ. ಆವತ್ತು ಫೋನ್ ಮಾಡಿದ್ದು ಡಾಕ್ಟರ್ ಕ್ಲಿನಿಕ್ಕಿಗೆ. ‘ಅವಳು ಸ್ವಲ್ಪ ಅಂತಾಳೆ, ಸ್ವಲ್ಪ ಅಲ್ಲ’ ಎನ್ನಲು.

ಎಲ್ಲರಿಗೂ ಗೊತ್ತಿತ್ತು. ಬೆರಳು ಯಾರದ್ದೋ ಅವಳೊಬ್ಬಳನ್ನು ಬಿಟ್ಟು.

ಜನವರಿ 27, ಸೋಮವಾರ
ಮರಳಿನ ಸೆಕ್ಷನ್. ಉಜ್ಜನಪ್ಪನ ಹುಬ್ಬು, ರೆಪ್ಪೆ ಎಲ್ಲ ಕಪ್ಪು. ನನ್ನನ್ನು ಕಂಡ ಕೂಡಲೇ ಗದರಿದರು.

“ಈ ಧೂಳಲ್ಲಿ ನೀವ್ಯಾಕೆ ಬಂದ್ರಿ? ಹೊರಗೆ ನಡೀರಿ ಮೊದಲು.”
ಹೊರಗೆ ಬಂದು ನೇರ ಕೇಳಿದೆ. ಗುಡ್ಡೆಗೆ ಹಾಕಿದ್ದು ಎಲ್ಲ ಕೆಟ್ಟ ಪೀಸೇನಾ?
“ಮತ್ತಿನ್ನೇನು, ಒಳ್ಳೇದು ಹಾಕ್ತೀನಾ?”
“ನನಗೆ ಹೇಳಬೇಕಿತ್ತು.”
“ಹೇಳಿದ್ರೆ ಕೇಳ್ತಿದ್ರಾ? ಡಿಸೆಂಬರಲ್ಲಿ ಒಂದು ಪೀಸ್ ತೋರ್ಸಿದೆ. ‘ನಿಮ್ಮ ಕೆಲಸ ನೀವು ನೋಡ್ಕೊಳ್ಳಿ’ ಅಂದ್ರಿ.”
ಅಂದಿದ್ದೆ. ಈಗ ನೆನಪಾಯಿತು.
“ನಿಮ್ಮ ಮೇಲಿನ ಕನಿಕರಕ್ಕೆ ಅಂತ ತಿಳ್ಕೋಬೇಡಿ ಮೇಡಂ. ಹಾಳು ಪೀಸ್ ಹೊರಗೆ ಹೋದ್ರೆ ನಮ್ಮ ಶಾಪಿನ ಮಾನ ಹೋಗ್ತದೆ. ಅದೂ ಅಲ್ದೆ, ಇಷ್ಟು ವರ್ಷ ನೀವು ನನ್ನ ಪೀಸಲ್ಲಿ ತಪ್ಪು ತೆಗೆದ್ರಿ. ನಾನು ನಾಲ್ಕು ದಿನ ತೆಗೀಬಾರ್ದಾ?”

ನಗಲು ಹೋದೆ. ಆಗಲಿಲ್ಲ.

ಜನವರಿ 28, ಮಂಗಳವಾರ
ಸುಮ್ಮನಿದ್ದರೆ: ಉಜ್ಜನಪ್ಪ ಡಿಸ್‌ಮಿಸ್. ರಿಟೈರ್ ಆಗಲು ಹದಿನಾಲ್ಕು ತಿಂಗಳಿತ್ತು. ಹೇಳಿದರೆ: ನೀಲಿ ಹೋಗುತ್ತದೆ. ಬೆರಳಿಲ್ಲದ ಇನ್‌ಸ್ಪೆಕ್ಟರಿಗೆ ಇಲ್ಲಿ ಬೇರೆ ಕುರ್ಚಿ ಇಲ್ಲ. ಚಿಕಿತ್ಸೆ ನಡೆಯುತ್ತಿರುವುದೂ ಕಂಪನಿ ಇನ್ಶೂರೆನ್ಸಿನಲ್ಲಿ. ಇನ್ನೂ ನಾಲ್ಕು ಡೋಸ್ ಬಾಕಿ. ಜೋಮು ಬಿಟ್ಟು ಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರ್.

ಮೊದಲು ಕಾಯಿಲೆ ವಿಷಯ ಹೇಳಿ ಆಮೇಲೆ ಪೀಸಿನದು ಹೇಳಲಾ? ಹಾಗೆ ಮಾಡಿದರೆ ಕನಿಕರ ಕೇಳಿದ ಹಾಗೆ. ಹತ್ತು ಸಲ ತಿರುವಿ ಹಾಕಿದೆ. ಎಷ್ಟು ಹಾಕಿದರೂ, ದೂರು ಕೊಟ್ಟವಳು ನಾನೇ.

ಜನವರಿ 29, ಬುಧವಾರ. 10.35
ಕ್ಯಾಬಿನ್ ಹೊರಗಿನ ಬೆಂಚು. ಉಜ್ಜನಪ್ಪ ಸರಿದು ಜಾಗ ಕೊಟ್ಟರು. ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಬಂದಿದ್ದಾರೆ, ಮದುವೆಮನೆಗೆ ಹೊರಟವರ ಹಾಗೆ.

“ಏನೂ ಹೇಳಕ್ಕೆ ಹೋಗ್ಬೇಡಿ ಮೇಡಂ. ನಂದೆಲ್ಲ ಮುಗೀತಾ ಬಂತು. ನಿಮ್ಗೆ ಔಷಧಿ ಇನ್ನೂ ಐತೆ.”

ಇದನ್ನೂ ಅನುಮಾನಿಸುತ್ತಿದ್ದೇನೆ. ಹೇಳಬೇಡಿ ಎಂದರೆ ನಾನು ಹೇಳಿಯೇ ಹೇಳುತ್ತೇನೆ ಎಂದು ಗೊತ್ತಿದ್ದೇ ಅಂದರಾ? ಗೊತ್ತಿದ್ದು ಅಂದಿದ್ದರೂ ಏನಂತೆ.

ಬಾಗಿಲು ತೆರೆಯಿತು. “ಅತೀಕಾ ಮೇಡಂ, ಬನ್ನಿ.”

ಒಂದು ನಿಮಿಷ ಎಂದೆ. ಒಳಗೆ ಹೋದಮೇಲೆ ಮಾತು ಹೊರಳಬಾರದು, ಮೊದಲ ಮಾತು ಬರೆದುಕೊಂಡೇ ಹೋಗುತ್ತೇನೆ. ಜ್ಞಾನೇಶ್, ಆ ಹನ್ನೊಂದನ್ನೂ ಪಾಸ್ ಮಾಡಿದ್ದು ನಾನೇ. ಯಾರೂ ಬದಲಾಯಿಸಿಲ್ಲ. ಡಿಸೆಂಬರಿನಿಂದ ನನ್ನ ಬೆರಳಿಗೆ—