ಸರಳೆ ಪಾಠವೂ ಅವ್ವನ ಬೀಸುಕಲ್ಲೂ

ದಿಬ್ಬೂರಹಳ್ಳಿ
೧೪ ಸೆಪ್ಟೆಂಬರ್ ೧೯೫೮, ಭಾನುವಾರ

ಪ್ರೀತಿಯ ಶ್ಯಾಮಲೆಗೆ,

ನಿನ್ನ ಕಾಲಿನ ಊತ ಇಳಿಯಿತೇ? ರಾತ್ರಿ ನಿದ್ದೆ ಬರುತ್ತಿದೆಯೇ? ನಗರಗೆರೆಯಲ್ಲಿ ನಿಮ್ಮಮ್ಮ ಹೊತ್ತುಹೊತ್ತಿಗೆ ಕಷಾಯ ಕೊಡುತ್ತಾರೆ, ನನಗೆ ಗೊತ್ತು. ನೀನು ಮೂಗು ಹಿಡಿದು ಅರ್ಧ ಕುಡಿದು ಉಳಿದದ್ದನ್ನು ಬಾಳೆಯ ಬುಡಕ್ಕೆ ಸುರಿಯುತ್ತೀಯ, ಅದೂ ಗೊತ್ತು. ಹೆರಿಗೆಗೆ ಇನ್ನೂ ದಿನವಿದೆಯೆಂದು ಅಸಡ್ಡೆ ಮಾಡಬೇಡ ತಾಯಿ, ಪೂರ್ತಿ ಕುಡಿ. ಇಲ್ಲಿ ಅವ್ವನ ಮಂಡಿನೋವು ಬಿಟ್ಟರೆ ಎಲ್ಲರೂ ಚೆನ್ನಾಗಿದ್ದೇವೆ.

ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಕೂತಿದೆ. ಮನೆಯಲ್ಲಿ ಒಗ್ಗರಣೆ ಇಲ್ಲ, ಗದ್ದಲವಿಲ್ಲ, ಹೊರಗಿನವರು ಹೊಸಿಲು ದಾಟುವಂತಿಲ್ಲ. ಸಪ್ಪೆ ಸಾರು ಉಂಡು ನನ್ನ ನಾಲಿಗೆ ಸತ್ತೇ ಹೋಗಿದೆ. ಶುಕ್ರವಾರ ನಮ್ಮ ಅನಸೂಯಳ ಸಂಗೀತದ ಕೋನಪ್ಪ ಮೇಷ್ಟ್ರು ಶಿಡ್ಲಘಟ್ಟದ ಬಸ್ಸಿಳಿದು, ಶ್ರುತಿಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಸೀದಾ ಒಳಗೆ ನುಗ್ಗುವುದರಲ್ಲಿದ್ದರು; ನಾನು ಬಾಗಿಲಿಗೆ ಕೈ ಅಡ್ಡ ಹಿಡಿದೆ. ಗುರುವನ್ನು ಹಾಗೆ ತಡೆಯಬಹುದೇ ಎಂದು ಅವರಿಗೆ ಸಿಟ್ಟು ಬಂತು. ಹುಳುವಿನ ವಿಷಯ ಹೇಳಿ ಸಮಾಧಾನ ಮಾಡಿ, ಹಿತ್ತಲ ಹುಣಸೆಮರದ ಕೆಳಗೆ ಚಾಪೆ ಹಾಸಿಕೊಟ್ಟೆ. ಸದ್ದಾಗಬಾರದೆಂದು ಅವ್ವನೂ ಬೀಸುಕಲ್ಲನ್ನು ಅದೇ ಮರದ ಕೆಳಗೆ ಹಾಕಿಸಿಕೊಂಡಿದ್ದಳು. ಮನೆಯೊಳಗೆ ಎಂದೂ ಎದುರಾಗದ ಇಬ್ಬರು ಅಲ್ಲಿ ಎದುರುಬದುರಾದರು.

ನೀನು ಊರಿಗೆ ಹೊರಡುವಾಗ ಅನಸೂಯಳಿಂದ ಮಾತು ತೆಗೆದುಕೊಂಡೆಯಲ್ಲ, ಮೇಷ್ಟ್ರು ಹೇಳಿಕೊಟ್ಟದ್ದನ್ನು ಬಿಟ್ಟು ಬೇರೇನೂ ಹಾಡುವುದಿಲ್ಲ ಅಂತ, ಆ ಮಾತನ್ನು ಮಗು ಹಿಡಿದೇ ಹಿಡಿದಿದೆ. ಮೊದಲೆಲ್ಲ ಅವ್ವನ ಜೊತೆ ಕಲ್ಲಿನ ಗೂಟ ಹಿಡಿದು ಅರ್ಧ ತೆಲುಗು ಅರ್ಧ ಕನ್ನಡದ ರಾಗಿ ಪದಗಳನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಡುತ್ತಿದ್ದವಳು, ಈಗ ಗೂಟ ಹಿಡಿಯುತ್ತಾಳೆ, ತುಟಿ ಬಿಚ್ಚುವುದಿಲ್ಲ. ಅವ್ವ ಬೇಕೆಂದೇ ಒಂದು ಸಾಲು ಎತ್ತಿ ನಿಲ್ಲಿಸುತ್ತಾಳೆ, ಮಿಕ್ಕದ್ದನ್ನು ಮೊಮ್ಮಗಳು ಹಾಡಲಿ ಎಂದು. ಮೊಮ್ಮಗಳು ನೆಲ ನೋಡುತ್ತಾಳೆ. ಈ ಹೊಟ್ಟೆಯುರಿಯನ್ನೆಲ್ಲ ಅವ್ವ ಆವತ್ತು ಮೇಷ್ಟ್ರ ಮುಂದೆ ಕಕ್ಕಿಬಿಟ್ಟಳು.

“ನನ್ನ ಪದದಾಗೆ ಏನಪ್ಪಾ ವಿಷ ಐತೆ?” ಎಂದಳು.

ಮೇಷ್ಟ್ರು ಸಿಡುಕಲಿಲ್ಲ, ಆ ಮಟ್ಟಿಗೆ ದೊಡ್ಡ ಮನುಷ್ಯರು. ಪದದಲ್ಲಿ ತಪ್ಪಿಲ್ಲ, ಆದರೆ ಅದು ಕಲ್ಲು ಎಳೆದ ಕಡೆ ಏರುತ್ತದೆ, ಇಳಿಯುತ್ತದೆ; ಮಗುವಿನ ಕಂಠದಲ್ಲಿ ಮೊದಲು ಸ್ವರ ನಿಲ್ಲಬೇಕು, ಆಮೇಲೆ ಏನು ಬೇಕಾದರೂ ಹಾಡಲಿ ಎಂದು ತಿಳಿಸಿ ಹೇಳಿದರು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. “ಆಮೇಲೆ ಅಂದ್ರೆ ನಾನಿರ್ಬೇಕಲ್ಲಪ್ಪಾ” ಅಂದವಳು ಕಲ್ಲಿಗೆ ಬಟ್ಟೆ ಮುಚ್ಚಿ ಒಳಗೆ ಹೋದಳು. ಆವತ್ತು ಅವಳು ಸರಿಯಾಗಿ ಊಟ ಮಾಡಲಿಲ್ಲ.

ನಾನು ಯಾರ ಕಡೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಹಾಡು ಯಾರೂ ಕಲಿಸದೆ ಬರುವಂಥದ್ದು ಅಂತಲೇ ನನ್ನ ವಾದವಾಗಿತ್ತು, ನೀನು ನನ್ನನ್ನು ಒರಟ ಅಂದಿದ್ದೆ. ಆದರೆ ಅದೇ ಸಂಜೆ ಅನಸೂಯ ಸರಳೆಯನ್ನು ಎರಡನೇ ಕಾಲದಲ್ಲಿ ಹಾಡಿದಾಗ, ದನಿ ಎಲ್ಲೂ ಅಲುಗದೆ ನೆಟ್ಟಗೆ ನಿಂತಿತು. ನನ್ನ ಮೈ ಜುಮ್ಮೆಂದಿತು ಕಣೇ. ಮೇಷ್ಟ್ರಿಲ್ಲದೆ ಅದು ಬರುತ್ತಿರಲಿಲ್ಲ, ಒಪ್ಪಿದೆ. ಹುಳು ಸಾಕುವವನಿಗೆ ಎರಡು ವಿಷಯ ತಿಳಿದಿರಬೇಕು: ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಎದ್ದು ತಲೆಯಾಡಿಸಿದಾಗ ಒಂದು ಗಳಿಗೆಯೂ ತಡಮಾಡಬಾರದು. ತಟ್ಟೆಯ ಮೇಲೆ ಬಗ್ಗಿ ನೋಡಿದರೆ ಹುಳುವಿನದು ನನಗೆ ತಿಳಿಯುತ್ತದೆ. ಮಗಳದು ತಿಳಿಯುತ್ತಿಲ್ಲ.

ನಿನ್ನ ಹಠದ ಬೇರು ನನಗೆ ಗೊತ್ತು. ನಿಮ್ಮಪ್ಪ ಸಂಗೀತದ ಮೇಷ್ಟ್ರನ್ನು ಕರೆಸಿದ್ದು ನಿನ್ನ ಅಣ್ಣ ಚನ್ನಕೇಶವನಿಗೆ. ಅವನು ಚಾಪೆಯ ಮೇಲೆ ಆಕಳಿಸುತ್ತ ಕೂತಿದ್ದ. ನೀನು ಕೋಣೆಯ ಬಾಗಿಲ ಹಿಂದೆ ನಿಂತು, ಲಂಗದ ಅಂಚನ್ನು ಬಾಯಿಗೆ ಒತ್ತಿಕೊಂಡು, ಸದ್ದು ಹೊರಬೀಳದ ಹಾಗೆ ಕಲಿತೆ. ಮದುವೆಯಾದ ಹೊಸತರಲ್ಲಿ ನೀನು ಇದನ್ನು ಹೇಳಿ ಅತ್ತಿದ್ದೆ. ಮಗಳು ಹುಟ್ಟಿದರೆ ಅವಳು ಎಲ್ಲರ ಎದುರಿಗೆ ಚಾಪೆಯ ಮೇಲೆ ಕೂತು ಹಾಡಬೇಕು ಅಂದಿದ್ದೆ. ಅದಕ್ಕೇ ನಾನು ಮೇಷ್ಟ್ರನ್ನು ಬೇಡ ಅನ್ನಲಿಲ್ಲ, ಇನ್ನು ಅನ್ನುವುದೂ ಇಲ್ಲ.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ. ಚನ್ನಕೇಶವ ಈಗಲೂ ಆಕಳಿಸುತ್ತಾನೋ ಕೇಳಿ ತಿಳಿಸು. ದೇವರು ನಿನ್ನನ್ನೂ ಹೊಟ್ಟೆಯ ಕೂಸನ್ನೂ ತಣ್ಣಗಿಟ್ಟಿರಲಿ.

ನಿನ್ನ ದಾರಿ ಕಾಯುತ್ತಿರುವ,
ಮುನಿವೆಂಕಟಪ್ಪ

ಮರೆಯದೆ ಓದು: ಪಕ್ಕದ ಮನೆಯ ಬಯ್ಯಪ್ಪ ನಿಮ್ಮ ಊರ ಕಡೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಲು ಗಂಜಿ ತರೋಣವೆಂದು ಈಗ ಒಳಗೆ ಹೋದೆ. ಕಣಜದ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಅದರ ಹಿಂದೆ ಅನಸೂಯ ನಿಂತಿದ್ದಳು, ಲಂಗದ ಅಂಚನ್ನು ಬಾಯಿಗೆ ಒತ್ತಿಕೊಂಡು ಅವ್ವನ ರಾಗಿ ಪದ ಹಾಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿ, “ಅಮ್ಮಂಗೆ ಹೇಳ್ಬೇಡಪ್ಪಾ” ಅಂದಳು. ಹೇಳುತ್ತಿದ್ದೇನೆ, ಶ್ಯಾಮಲೆ. ಮಾತು ಕೊಟ್ಟದ್ದು ನಿನಗೆ, ನಾನು ಬಿಡಿಸಿದರೆ ಅವಳು ಕೇಳುವುದಿಲ್ಲ. ನಿನ್ನ ಕೈಯಲ್ಲೇ ಎರಡು ಸಾಲು ಬರೆದು, ಬಯ್ಯಪ್ಪ ವಾಪಸ್ಸು ಬರುವಾಗ ಅವನ ಹತ್ತಿರ ಕಳಿಸು. ಮಗಳು ಆ ಬಾಗಿಲ ಹಿಂದಿನಿಂದ ಈಚೆ ಬರಲಿ.